ಎಡೆದೊರೆ ನಾಡಿನ ಕಾಲುವೆಗಳಲ್ಲಿ ತಿಲಾಪಿಯಾ: ಒಂದು ಚಾರಿತ್ರಿಕ ವಿವೇಚನೆ

೧

ಇಂದಿನ ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ ಮತ್ತು ಲಿಂಗಸುಗೂರು ತಾಲ್ಲೂಕುಗಳು ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಭೂಭಾಗಕ್ಕೆ ಸೇರಿದವು. ಪ್ರಾಚೀನ ಶಾಸನಗಳು ಈ ನಾಡನ್ನು ಎಡೆದೊರೆ ಎರಡುಸಾಸಿರವೆಂದು ಕರೆದಿವೆ. ೧೯೧೫ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಅಶೋಕಶಾಸನ, ಮುದಗಲ್ಲಿನ ಕೋಟೆ, ಹಟ್ಟಿಯ ಚಿನ್ನದ ಗಣಿ, ಈ ದೋಆಬಕ್ಕಾಗಿ ವಿಜಯನಗರದ ಅರಸರಿಗೂ ಬಹಮನಿ ಸುಲ್ತಾನರಿಗೂ ನಡೆದ ಕದನಗಳು, ಇವೆಲ್ಲವೂ ಚರಿತ್ರಕಾರರ ಗಮನವನ್ನು ಬಹುಕಾಲದಿಂದ ಸೆಳೆದಿವೆ. ಆದರೆ ನಾಡಿನ ಚರಿತ್ರೆ ಕೋಟೆ ಶಾಸನಗಳಲ್ಲಿ ಮಾತ್ರ ಅಡಗಿರುವುದಿಲ್ಲ. ಅಲ್ಲಿಯ ನೀರು ಹೇಗೆ ಹರಿಯಿತು, ಆ ನೀರಿನಲ್ಲಿ ಯಾವ ಜೀವಿಗಳು ಬಾಳಿದುವು, ಜನರು ಏನನ್ನು ಹಿಡಿದು ಉಂಡರು ಎಂಬುದೂ ಚರಿತ್ರೆಯೇ ಆಗಿದೆ.

ಪ್ರಕೃತ ಲೇಖನದಲ್ಲಿ ನಾವು ಒಂದು ಮೀನಿನ ವೃತ್ತಾಂತವನ್ನು ವಿವೇಚಿಸಲು ಉದ್ದೇಶಿಸಿದ್ದೇವೆ. ಶಾಸ್ತ್ರಜ್ಞರು ಇದನ್ನು ಓರಿಯೋಕ್ರೋಮಿಸ್ ಮೊಸಾಂಬಿಕಸ್ ಎಂದು ಹೆಸರಿಸಿದ್ದಾರೆ. ಪುಸ್ತಕಗಳಲ್ಲಿ ತಿಲಾಪಿಯಾ ಎಂದೂ ಸಂತೆಯಲ್ಲಿ ಜಿಲೇಬಿ ಮೀನು ಎಂದೂ ಇದು ಪ್ರಸಿದ್ಧ. ಆಫ್ರಿಕ ಖಂಡದ ಈ ಮೀನು ಎಡೆದೊರೆ ನಾಡಿನ ಕಾಲುವೆ ಕೆರೆಗಳಲ್ಲಿ ನೆಲೆಸಿದುದನ್ನು ಸಾಮಾನ್ಯವಾಗಿ ಒಂದು ಆಕ್ರಮಣವೆಂಬಂತೆ ವರ್ಣಿಸಲಾಗುತ್ತದೆ. ನಮ್ಮ ಅಭಿಪ್ರಾಯ ಇದಕ್ಕಿಂತ ಕೊಂಚ ಭಿನ್ನವಾದುದು. ಮೀನನ್ನು ಈ ದೇಶಕ್ಕೆ ತಂದವರು ಮನುಷ್ಯರು. ಅದಕ್ಕೆ ಒಪ್ಪುವ ನೀರನ್ನು ಸಿದ್ಧಪಡಿಸಿದವರೂ ಮನುಷ್ಯರೇ. ಈ ಎರಡು ಕಾರ್ಯಗಳೂ ಹೆಚ್ಚುಕಡಮೆ ಏಕಕಾಲದಲ್ಲಿ, ಒಂದರ ಅರಿವು ಇನ್ನೊಂದಕ್ಕಿಲ್ಲದೆ ನಡೆದುವೆಂಬುದನ್ನು ಇಲ್ಲಿ ತೋರಿಸಲು ಯತ್ನಿಸುತ್ತೇವೆ.

೨

ಮೊದಲು ಮೀನಿನ ಕುಲಗೋತ್ರಗಳನ್ನು ತಿಳಿಯುವುದು ಅವಶ್ಯಕ. ಇದು ಸಿಕ್ಲಿಡ್ ಎಂಬ ಕುಟುಂಬಕ್ಕೆ ಸೇರಿದುದು. ಆಫ್ರಿಕ, ದಕ್ಷಿಣ ಮತ್ತು ಮಧ್ಯ ಅಮೆರಿಕ, ಮಡಗಾಸ್ಕರ್, ದಕ್ಷಿಣ ಭಾರತ, ಶ್ರೀಲಂಕಾ ಮುಂತಾದ ಕಡೆಗಳಲ್ಲಿ ಈ ಕುಟುಂಬದ ಮೀನುಗಳು ಸಹಜವಾಗಿ ದೊರೆಯುತ್ತವೆ. ಸಾಧಾರಣ ಮೀನುಗಳಿಗೆ ಮೂತಿಯ ಒಂದೊಂದು ಪಕ್ಕದಲ್ಲಿಯೂ ಎರಡೆರಡು ಮೂಗಿನ ರಂಧ್ರಗಳಿದ್ದರೆ ಇವಕ್ಕೆ ಒಂದೊಂದೇ ಇರುತ್ತದೆ. ಮೈಯ ಪಕ್ಕದಲ್ಲಿ ಹಾಯುವ ಗೆರೆಯು ನಡುವೆ ತುಂಡಾಗಿ ಎರಡು ಭಾಗವಾಗಿರುತ್ತದೆ. ಮರಿಗಳ ಪೋಷಣೆಯಲ್ಲಿ ತೋರುವ ಆಸ್ಥೆ ಈ ಕುಟುಂಬದ ಮತ್ತೊಂದು ಲಕ್ಷಣ.

ಭಾರತದಲ್ಲಿ ಹುಟ್ಟುನೆಲೆಯುಳ್ಳ ಸಿಕ್ಲಿಡ್ ಮೀನುಗಳು ಮೂರೇ ಮೂರು. ಮಲಯಾಳದಲ್ಲಿ ಕರಿಮೀನ್ ಎಂದು ಹೆಸರಾದ ಎಟ್ರೋಪ್ಲಸ್ ಸುರಾಟೆನ್ಸಿಸ್ ಮೊದಲನೆಯದು. ಕಿತ್ತಳೆ ಹಳದಿ ಮೈಯ ಚಿಕ್ಕಮೀನು ಮ್ಯಾಕುಲಾಟಸ್ ಎರಡನೆಯದು. ೧೮೭೭ರಲ್ಲಿ ಫ್ರಾನ್ಸಿಸ್ ಡೇ ವರ್ಣಿಸಿದ ಎಟ್ರೋಪ್ಲಸ್ ಕೆನರೆನ್ಸಿಸ್ ಮೂರನೆಯದು. ಈ ಕೊನೆಯದರ ಹೆಸರಿನಲ್ಲಿಯೇ ಕನ್ನಡ ಜಿಲ್ಲೆಯ ನೆನಪಿದೆ. ನೇತ್ರಾವತಿಯೇ ಮೊದಲಾದ ದಕ್ಷಿಣ ಕನ್ನಡದ ಹೊಳೆಗಳೇ ಅದರ ತವರು. ಇವುಗಳ ಹತ್ತಿರದ ಬಂಧುಗಳು ಮಡಗಾಸ್ಕರ್ ದ್ವೀಪದಲ್ಲಿವೆ. ಭಾರತ ಮತ್ತು ಮಡಗಾಸ್ಕರ್‌ಗಳು ಒಂದಾಗಿದ್ದ ಪುರಾತನ ಭೂಖಂಡದ ಕಾಲದಿಂದ ಈ ನೆಂಟಸ್ತಿಕೆ ಬಂದುದೆಂದು ಅನೇಕ ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ನಮ್ಮ ಸಿಕ್ಲಿಡ್‌ಗಳ ವಾಸ ಮುಖ್ಯವಾಗಿ ಕರಾವಳಿಯ ಹೊಳೆ, ಹಿನ್ನೀರು, ಅಳಿವೆಗಳಲ್ಲಿ. ಆದುದರಿಂದ ಸಿಂಧನೂರಿನ ಬಯಲಿನಲ್ಲಿ ಇಂದು ಕಾಣುವ ತಿಲಾಪಿಯಾ ಇವುಗಳ ಸಂತತಿಯಲ್ಲ. ಕುಟುಂಬ ಒಂದೇ ಆದರೂ ಅದು ಸಾಗರದಾಚೆಯಿಂದ ಬಂದ ದೂರದ ದಾಯಾದಿ.

ಮೊಸಾಂಬಿಕಸ್ ಎಂಬ ಪ್ರಭೇದವನ್ನು ೧೮೫೨ರಲ್ಲಿ ಮೊದಲು ವರ್ಣಿಸಿದವನು ಜರ್ಮನಿಯ ವಿಲ್ಹೆಲ್ಮ್ ಪೀಟರ್ಸ್. ಅವನು ೧೮೪೦ರ ದಶಕದಲ್ಲಿ ಮೊಸಾಂಬಿಕ್ ಪ್ರದೇಶದಲ್ಲಿ ಸಂಚರಿಸಿ ಸಂಗ್ರಹಿಸಿದ ಜೀವಿಗಳಲ್ಲಿ ಇದೂ ಒಂದಾಗಿದ್ದಿತು. ಜಾಂಬೆಜಿ ನದಿಯ ಕೆಳಪಾತ್ರದಿಂದ ಮೊದಲ್ಗೊಂಡು ದಕ್ಷಿಣ ಆಫ್ರಿಕದ ಪೂರ್ವತೀರದ ಹೊಳೆಗಳವರೆಗೆ ಇದರ ಸಹಜ ವಸತಿ ಹಬ್ಬಿದೆ. ಬೆನ್ನಿನ ರೆಕ್ಕೆಯಲ್ಲಿ ಹದಿನೈದು ಅಥವಾ ಹೆಚ್ಚು ಗಟ್ಟಿಮುಳ್ಳುಗಳು. ಸಾಮಾನ್ಯವಾಗಿ ಬೂದು ಹಸುರು ಮೈಬಣ್ಣ. ಬೆದೆಯ ಕಾಲದಲ್ಲಿ ಗಂಡಿನ ಮೈ ಕಪ್ಪೇರಿ, ಗಂಟಲು ಬೆಳ್ಳಗಾಗಿ, ರೆಕ್ಕೆಯ ಅಂಚುಗಳು ಕೆಂಪಾಗುತ್ತವೆ.

ಇದರ ಸಂತಾನಕ್ರಮ ವಿಶಿಷ್ಟವಾದುದು. ಗಂಡು ತಿಳಿನೀರಿನ ತಳದ ಮಣ್ಣನ್ನು ತೋಡಿ ತಟ್ಟೆಯಾಕಾರದ ಗುಳಿಯನ್ನು ಮಾಡಿ ಕಾಯುತ್ತದೆ. ಹೆಣ್ಣು ಅಲ್ಲಿ ಮೊಟ್ಟೆಯಿಟ್ಟು ಕೂಡಲೇ ಅವನ್ನು ಬಾಯಿಗೆ ತೆಗೆದುಕೊಳ್ಳುತ್ತದೆ. ಮೊಟ್ಟೆಯೊಡೆದು ಮರಿಗಳು ಈಜುವಂತಾಗುವವರೆಗೆ, ಸ್ಥೂಲವಾಗಿ ಎರಡು ವಾರಗಳ ಕಾಲ, ತಾಯಿಯ ಬಾಯಿಯೇ ಅವುಗಳ ತೊಟ್ಟಿಲು. ಹೊರಬಂದ ಮರಿಗಳೂ ಅಪಾಯ ಕಂಡೊಡನೆ ಮತ್ತೆ ಆ ಬಾಯಿಯನ್ನೇ ಹೊಗುತ್ತವೆ. ಮೊಟ್ಟೆಗಳ ಸಂಖ್ಯೆ ಕೆಲವು ನೂರುಗಳನ್ನು ಮೀರುವುದು ವಿರಳ. ಆದರೆ ಹಾಳಾಗುವುದು ಅತ್ಯಲ್ಪ. ಬೆಚ್ಚನೆಯ ಕೊಳಗಳಲ್ಲಿ ಎರಡು ಮೂರು ತಿಂಗಳ ಮೀನೇ ಗರ್ಭಧರಿಸುತ್ತದೆ; ವರ್ಷಕ್ಕೆ ಹಲವು ಬಾರಿ ಮರಿಮಾಡುತ್ತದೆ. ಪಾಚಿ, ಕೊಳೆತ ಸಸ್ಯ, ಹುಳುಹುಪ್ಪಟೆ ಯಾವುದನ್ನೂ ಅದು ಬಿಡುವುದಿಲ್ಲ. ಕೆಸರುನೀರು, ಉಪ್ಪುನೀರು ಎರಡನ್ನೂ ಸಹಿಸಬಲ್ಲುದು. ತೀವ್ರವಾದ ಚಳಿಯೊಂದನ್ನು ಮಾತ್ರ ತಾಳಲಾರದು. ರಾಯಚೂರಿನ ಸೀಮೆಯಲ್ಲಿ ಅಂಥ ಚಳಿ ಬೀಳುವುದಿಲ್ಲ.

೩

ಆಫ್ರಿಕದ ಈ ಮೀನು ಏಷ್ಯಕ್ಕೆ ಕಾಲಿಟ್ಟ ಬಗೆ ಕುತೂಹಲಕರವಾಗಿದೆ. ೧೯೩೦ರ ದಶಕದ ಉತ್ತರಾರ್ಧದಲ್ಲಿ ಜಾವಾ ದ್ವೀಪದ ಪೂರ್ವಭಾಗದ ಬ್ಲಿತಾರ್ ಸೀಮೆಯ ಮುಜಾಯಿರ್ ಎಂಬಾತನಿಗೆ ದಕ್ಷಿಣ ಕರಾವಳಿಯ ಒಂದು ಅಳಿವೆಯಲ್ಲಿ ಇಂಥ ಕೆಲವೇ ಮೀನುಗಳು ದೊರೆತುವು. ಅವು ಐದು ಎಂದು ಹೇಳುವುದು ವಾಡಿಕೆ. ಆತ ಅವನ್ನು ಸಾಕಿ ಬೆಳಸಿದನು. ಇಂದಿಗೂ ಇಂಡೊನೇಷ್ಯದಲ್ಲಿ ಈ ಮೀನಿಗೆ ಮುಜಾಯಿರ್ ಎಂಬುದೇ ಹೆಸರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನೀಯರ ಆಡಳಿತದಲ್ಲಿದ್ದ ಜಾವಾದಲ್ಲಿ ಇದು ವ್ಯಾಪಕವಾಗಿ ಹರಡಿತು. ೧೯೪೬ರಲ್ಲಿ ಸಿಂಗಪುರದಿಂದ ತೈವಾನಿಗೆ ಇದನ್ನು ಒಯ್ದವರು ವೂ ಮತ್ತು ಕುವೊ ಎಂಬ ಇಬ್ಬರು. ಅಲ್ಲಿ ಇದು ಅವರಿಬ್ಬರ ಹೆಸರಿನಿಂದಲೇ ಪ್ರಸಿದ್ಧವಾಯಿತು. ಒಂದೊಂದು ದೇಶದಲ್ಲಿಯೂ ತಂದವನ ಹೆಸರನ್ನೇ ಹೊತ್ತು ನಡೆದ ಮೀನು ಇದೆನ್ನಬಹುದು.

ಯುದ್ಧಾನಂತರದ ವರ್ಷಗಳಲ್ಲಿ ಅನ್ನದ ಅಭಾವ ಏಷ್ಯದ ರಾಷ್ಟ್ರಗಳನ್ನೆಲ್ಲ ಕಾಡುತ್ತಿದ್ದಿತು. ೧೯೪೩ರ ಬಂಗಾಳದ ಕ್ಷಾಮದ ನೆನಪು ನಮ್ಮ ದೇಶದಲ್ಲಿ ಇನ್ನೂ ಹಸಿಯಾಗಿದ್ದಿತು. ಹಳ್ಳಿಯ ಕೊಳದಲ್ಲಿ, ಹೆಚ್ಚಿನ ಆರೈಕೆಯಿಲ್ಲದೆ, ಬಡವನಿಗೆ ಸುಲಭವಾಗಿ ಮಾಂಸಾಹಾರವನ್ನೊದಗಿಸುವ ಮೀನೆಂದು ತಿಲಾಪಿಯಾವನ್ನು ತಜ್ಞರು ಕೊಂಡಾಡಿದರು. ೧೯೫೨ರಲ್ಲಿ ಬ್ಯಾಂಕಾಕ್ ಮತ್ತು ಸಿಂಹಳಗಳಿಂದ ಇದನ್ನು ಭಾರತಕ್ಕೆ ತರಲಾಯಿತು. ರಾಮನಾಥಪುರ ಜಿಲ್ಲೆಯ ಮಂಡಪಂ ಅದರ ಮೊದಲ ನೆಲೆಗಳಲ್ಲೊಂದು. ಇದನ್ನು ತಂದವರ ಉದ್ದೇಶ ಲೋಕಹಿತವೇ ಆಗಿದ್ದಿತೆಂಬುದನ್ನು ನಾವು ಮರೆಯಬಾರದು.

ಆದರೆ ಕೆಲವೇ ವರ್ಷಗಳಲ್ಲಿ ಪ್ರಶಂಸೆ ಸಂದೇಹಕ್ಕೆ ತಿರುಗಿತು. ಕೊಳದಲ್ಲಿ ಬಿಟ್ಟ ಮೀನು ಮರಿಗಳ ಮೇಲೆ ಮರಿಗಳನ್ನು ಮಾಡಿ, ಇದ್ದ ಆಹಾರ ಎಲ್ಲಕ್ಕೂ ಸಾಲದೆ, ಅಂಗೈಗಿಂತ ದೊಡ್ಡದಾಗಿ ಬೆಳೆಯದೆ ಗಿಡ್ಡಾಗಿಯೇ ಉಳಿಯಿತು. ಜೊತೆಯಲ್ಲಿ ಸಾಕಿದ ಕಾಟ್ಲಾ, ರೋಹು, ಮೃಗಾಲ್ ಮೀನುಗಳ ಬೆಳವಣಿಗೆಯೂ ಕುಂದಿತು. ಇದನ್ನು ಕಂಡು ೧೯೫೯ರಲ್ಲಿ ಭಾರತದ ಮತ್ಸ್ಯಸಂಶೋಧನ ಸಮಿತಿಯು ತಿಲಾಪಿಯಾದ ಪ್ರಸಾರವನ್ನು ನಿಷೇಧಿಸಿತು. ಆ ವೇಳೆಗೆ ಮೀನು ದಕ್ಷಿಣದ ಅನೇಕ ಕೆರೆ ಜಲಾಶಯಗಳ ದಾರಿ ಹಿಡಿದಾಗಿದ್ದಿತು. ಆಜ್ಞೆಯು ಕಚೇರಿಯಿಂದ ಕಚೇರಿಗೆ ಹೋಗುತ್ತದೆ; ಮೀನು ನೀರಿನಿಂದ ನೀರಿಗೆ ಹೋಗುತ್ತದೆ.

ರಾಜಾಜ್ಞೆಗೂ ಮೀನಿಗೂ ಇರುವ ಸಂಬಂಧ ನಮ್ಮ ದೇಶದಲ್ಲಿ ಹೊಸದಲ್ಲ. ಮಸ್ಕಿಯ ಬಂಡೆಯ ಮೇಲೆ ಹೆಸರು ಕೊರೆಯಿಸಿದ ಅಶೋಕನೇ ಉತ್ತರದ ತನ್ನ ಐದನೆಯ ಸ್ತಂಭಶಾಸನದಲ್ಲಿ ಕೆಲವು ಮೀನುಗಳನ್ನು ಅವಧ್ಯವೆಂದು ಸಾರಿ, ಗೊತ್ತಾದ ಪರ್ವದಿನಗಳಲ್ಲಿ ಮೀನನ್ನು ಕೊಲ್ಲುವುದನ್ನೂ ಮಾರುವುದನ್ನೂ ತಡೆದಿದ್ದಾನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮೀನಿನ ಬೇಟೆಯನ್ನು ರಾಜವಿನೋದವಾಗಿ ವರ್ಣಿಸುತ್ತ, ಮೀನುಗಳ ಬಗೆಗಳನ್ನೂ ಅವುಗಳಿಗೆ ಹಾಕುವ ಎರೆಗಳನ್ನೂ ಹೇಳಿದ್ದಾನೆ. ಇದರ ಮಹತ್ತ್ವವನ್ನು ಪ್ರಾಣಿಶಾಸ್ತ್ರಜ್ಞರಾದ ಸುಂದರಲಾಲ್ ಹೋರಾ ಅವರು ೧೯೫೧ರಲ್ಲಿಯೇ ವಿದ್ವಲ್ಲೋಕದ ಮುಂದಿಟ್ಟರು. ಒಬ್ಬ ಅರಸನು ಮೀನನ್ನು ಕಾಯ್ದನು. ಇನ್ನೊಬ್ಬನು ಅದನ್ನು ಅರಿತು ಹಿಡಿದನು. ಹೊಸ ಮೀನೊಂದನ್ನು ದೇಶಾಂತರದಿಂದ ತಂದು ಹರಡಿ, ಏಳು ವರ್ಷಗಳಲ್ಲಿ ಅದನ್ನೇ ನಿಷೇಧಿಸಿದುದು ನಮ್ಮ ಕಾಲದ ವಿಶೇಷ.

೪

ಇನ್ನು ನೀರಿನ ವಿಷಯ. ತುಂಗಭದ್ರಾ ಅಣೆಕಟ್ಟಿಗೆ ೧೯೪೫ರ ಫೆಬ್ರವರಿಯಲ್ಲಿ ಅಸ್ತಿಭಾರ ಬಿದ್ದಿತು. ಆಗ ನದಿಯ ಎಡದಂಡೆ ಹೈದರಾಬಾದು ನಿಜಾಮರ ಸಂಸ್ಥಾನ. ಬಲದಂಡೆ ಮದರಾಸು ಪ್ರಾಂತ. ೧೯೪೮ರಲ್ಲಿ ಹೈದರಾಬಾದು ಭಾರತ ಒಕ್ಕೂಟದಲ್ಲಿ ಸೇರಿತು. ೧೯೫೩ರಲ್ಲಿ ಅಣೆಕಟ್ಟಿನ ನೀರನ್ನು ಕಾಲುವೆಗೆ ಬಿಡಲಾಯಿತು. ೧೯೫೬ರ ನವೆಂಬರಿನಲ್ಲಿ ರಾಯಚೂರು ಜಿಲ್ಲೆ ವಿಶಾಲ ಮೈಸೂರು ರಾಜ್ಯದ ಭಾಗವಾಯಿತು. ಸುಮಾರು ೨೨೭ ಕಿಲೋಮೀಟರ್ ಉದ್ದದ ಎಡದಂಡೆ ಮುಖ್ಯ ಕಾಲುವೆಯು ಗಂಗಾವತಿ, ಸಿಂಧನೂರು, ಮಾನ್ವಿ, ರಾಯಚೂರುಗಳ ಕಡೆಗೆ ಹರಿಯುತ್ತದೆ. ಲಿಂಗಸುಗೂರಿನ ಸೀಮೆಗೆ ಮುಂದೆ ಕೃಷ್ಣೆಯ ನಾರಾಯಣಪುರ ಜಲಾಶಯದ ಬಲದಂಡೆ ಕಾಲುವೆ ಬಂದಿತು.

ಈ ಎರಡು ವರ್ಷಗಳನ್ನು ಒಟ್ಟಿಗಿಟ್ಟು ನೋಡಬೇಕು: ೧೯೫೨ರಲ್ಲಿ ಮೀನು ಭಾರತಕ್ಕೆ ಬಂದಿತು, ೧೯೫೩ರಲ್ಲಿ ನೀರು ಕಾಲುವೆಗೆ ಬಂದಿತು. ಒಂದನ್ನು ಬಗೆದವರು ಮತ್ಸ್ಯತಜ್ಞರು, ಇನ್ನೊಂದನ್ನು ಬಗೆದವರು ಎಂಜಿನಿಯರುಗಳು. ಎರಡರ ಗುರಿಯೂ ಹಸಿವಿನ ನಿವಾರಣೆ.

ಕಾಲುವೆಗೆ ಮುಂಚಿನ ಎಡೆದೊರೆ ನಾಡು ಮಳೆಯ ನಾಡು. ವರ್ಷಕ್ಕೆ ಸುಮಾರು ೬೦೦ ಮಿಲಿಮೀಟರ್ ಮಳೆ. ಎರೆಯ ಹೊಲಗಳಲ್ಲಿ ಜೋಳ, ಹತ್ತಿ. ಹಳ್ಳಗಳು ಮಳೆಗಾಲದಲ್ಲಿ ಉಕ್ಕಿ ಬೇಸಗೆಯಲ್ಲಿ ಒಣಗುತ್ತಿದ್ದುವು. ನದಿಯೂ ಅಷ್ಟೇ: ಮುಂಗಾರಿನಲ್ಲಿ ಕೆಂಪು ಪ್ರವಾಹ, ಬೇಸಗೆಯಲ್ಲಿ ಬಂಡೆಗಳ ನಡುವಣ ಮಡುಗಳು. ಅಲ್ಲಿಯ ಮೀನುಗಳು ಈ ಪಂಚಾಂಗಕ್ಕೆ ಹೊಂದಿಕೊಂಡಿದ್ದುವು. ನದಿಯ ದೊಡ್ಡ ಗೆಂಡೆಗಳು ಹೊಸನೀರಿನ ಪ್ರವಾಹ ಬಂದಾಗ ಮೇಲಕ್ಕೆ ಈಜಿ, ಹರಿಯುವ ತೆಳುನೀರಿನಲ್ಲಿ ವರ್ಷಕ್ಕೊಮ್ಮೆ ಮೊಟ್ಟೆಯಿಡುತ್ತಿದ್ದುವು. ಪ್ರವಾಹ ತಪ್ಪಿದರೆ ಆ ವರ್ಷದ ಸಂತಾನವೂ ತಪ್ಪಿದಂತೆಯೇ. ಅಣೆಕಟ್ಟು ಪೂರ್ಣವಾಗುವುದಕ್ಕೆ ಮೊದಲೇ ಪಿ. ಐ. ಚಾಕೊ ಮತ್ತು ಜಿ. ಕೆ. ಕುರಿಯನ್ ಅವರು ತುಂಗಭದ್ರೆಯ ಮತ್ಸ್ಯಸಂಪತ್ತನ್ನು ಪರಿಶೀಲಿಸಿ ೧೯೪೮ರಲ್ಲಿ ಪ್ರಕಟಿಸಿದ ವರದಿ, ಎ. ಡೇವಿಡ್ ಮತ್ತು ಸಂಗಡಿಗರು ಜಲಾಶಯವನ್ನು ಕುರಿತು ೧೯೬೯ರಲ್ಲಿ ಪ್ರಕಟಿಸಿದ ಗ್ರಂಥ, ಇವೆರಡೂ ಚರಿತ್ರಕಾರನಿಗೂ ಅಮೂಲ್ಯವಾದ ಆಕರಗಳು. ಒಂದು ಹರಿಯುವ ನದಿಯದು, ಇನ್ನೊಂದು ನಿಂತ ನೀರಿನದು.

ಅಣೆಕಟ್ಟು ಎದ್ದಮೇಲೆ ನದಿಗೆ ಅಡ್ಡಲಾಗಿ ಗೋಡೆ ನಿಂತಿತು. ಮೇಲಕ್ಕೇರುವ ಮೀನಿನ ದಾರಿ ಮುಚ್ಚಿತು. ಕೆಳಗಿನ ಬಯಲಿನಲ್ಲಿ ಬೇರೊಂದು ಪಂಚಾಂಗ ಜಾರಿಗೆ ಬಂದಿತು. ಮುಂಗಾರಿನ ಬೆಳೆಗೂ ಹಿಂಗಾರಿನ ಬೆಳೆಗೂ ಸರದಿಯಂತೆ ನೀರು. ಬೇಸಗೆಯಲ್ಲಿ ಕಾಲುವೆ ಬಂದ್. ಬಂದ್ ಆದಾಗಲೂ ತೂಬುಗಳ ಕೆಳಗಿನ ಗುಂಡಿಗಳಲ್ಲಿ, ಬಸಿಗಾಲುವೆಗಳಲ್ಲಿ, ಊರೂರಿಗೆ ಕುಡಿಯುವ ನೀರಿಗಾಗಿ ಕಾಲುವೆಯಿಂದ ತುಂಬಿಸಿಕೊಳ್ಳುವ ಕೆರೆಗಳಲ್ಲಿ ನೀರು ನಿಂತೇ ಇರುತ್ತದೆ. ಈ ನೀರು ತೆಳ್ಳಗಿನದು, ಬೆಚ್ಚಗಿನದು, ಪಾಚಿಗಟ್ಟಿದುದು. ಇದಕ್ಕೆ ಪ್ರವಾಹವೆಂಬುದಿಲ್ಲ, ಪ್ರವಾಹವನ್ನು ಕಾಯುವ ಮೀನಿಗೆ ಇದರಲ್ಲಿ ಸಂತಾನವಿಲ್ಲ. ತಳದ ಕೆಸರಿನಲ್ಲಿ ಗುಳಿ ತೋಡಿ, ಮೊಟ್ಟೆಯನ್ನು ಬಾಯಲ್ಲಿಟ್ಟುಕೊಂಡು ಸಾಗುವ ತಿಲಾಪಿಯಾಕ್ಕೆ ಪ್ರವಾಹದ ಅಗತ್ಯವೇ ಇಲ್ಲ. ಅದಕ್ಕಾಗಿಯೇ ಅಳತೆಮಾಡಿ ತೋಡಿದಂತಹ ಲೋಕ ಇಲ್ಲಿ ಸಿದ್ಧವಾಗಿದ್ದಿತು.

ಮತ್ತೊಂದು ಸಂಗತಿಯಿದೆ. ಎಡದಂಡೆ ಕಾಲುವೆಯನ್ನು ರೂಪಿಸಿದವರು ಬಹುಭಾಗ ಜಮೀನಿಗೆ ಜೋಳ, ಹತ್ತಿ, ಶೇಂಗಾಗಳಂಥ ಕಡಮೆ ನೀರಿನ ಬೆಳೆಗಳನ್ನು ಗೊತ್ತುಮಾಡಿದ್ದರು. ಭತ್ತಕ್ಕೆ ಮೀಸಲಾದ ಪ್ರದೇಶ ಮಿತವಾದುದು. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತವೇ ಹಬ್ಬಿತು. ಕೊನೆಯ ಭಾಗದ ರೈತರಿಗೆ ನೀರು ತಲಪುವುದು ದುರ್ಲಭವಾಯಿತು. ತಗ್ಗಿನ ಹೊಲಗಳಲ್ಲಿ ನೀರು ಜಿನುಗಿ ನಿಂತು ನೆಲ ಸವುಳಾಯಿತು. ಸವುಳುನೀರಿನಲ್ಲಿ ಬದುಕಬಲ್ಲ ಮೀನಿಗೆ ಇದರಿಂದಲೂ ಹಾನಿಯಾಗಲಿಲ್ಲ. ಎಂಜಿನಿಯರರ ಕಾಗದದ ಮೇಲಿನ ಕಾಲುವೆಗಿಂತ ನೆಲದ ಮೇಲೆ ನಡೆದ ಕಾಲುವೆಯೇ ತಿಲಾಪಿಯಾಕ್ಕೆ ಹೆಚ್ಚು ಅನುಕೂಲವಾಗಿ ಪರಿಣಮಿಸಿತು.

೫

ನೀರು ಬದಲಾದಂತೆ ಜನವೂ ಬದಲಾಯಿತು. ಕಾಲುವೆಯ ಹಿಂದೆಯೇ ಆಂಧ್ರದ ಕರಾವಳಿ ಜಿಲ್ಲೆಗಳ ರೈತರು ಬಂದು ಜಮೀನು ಕೊಂಡು ನೆಲೆಸಿದರು. ಅವರ ವಸತಿಗಳು ಇಂದಿಗೂ ಕ್ಯಾಂಪುಗಳೆಂಬ ಹೆಸರಿನಿಂದಲೇ ಕರೆಯಲ್ಪಡುತ್ತವೆ. ೧೯೭೦ರ ಸುಮಾರಿಗೆ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸರ್ಕಾರವು ಸಿಂಧನೂರು ತಾಲ್ಲೂಕಿನಲ್ಲಿ ಪುನರ್ವಸತಿ ಕಲ್ಪಿಸಿತು. ಅನ್ನ ಮೀನುಗಳೇ ಆಹಾರವಾದ ನಾಡಿನಿಂದ ಅವರು ಜೋಳದ ರೊಟ್ಟಿಯ ನಾಡಿಗೆ ಬಂದರು. ಆ ವೇಳೆಗೆ ಈ ನಾಡು ತಾನೇ ಅನ್ನದ ನಾಡಾಗುವ ಹಾದಿಯಲ್ಲಿದ್ದಿತು. ಇನ್ನೊಂದು ಕಡೆ ನದಿಯ ದಂಡೆಯ ಬೆಸ್ತರು, ಅಂಬಿಗರು ಹರಿಗೋಲು, ಬೀಸುಬಲೆ, ಗಾಳಗಳೊಡನೆ ಹಿಂದಿನಿಂದಲೂ ಇದ್ದವರು. ಕಾಲುವೆ ಬಂದ್ ಆದ ದಿನಗಳಲ್ಲಿ ಗುಂಡಿಗಳಲ್ಲುಳಿದ ಮೀನು ಕೂಲಿಕಾರರ ಮನೆಯ ಒಲೆಗೂ ಏರುತ್ತದೆ. ಅಗ್ಗದ ಜಿಲೇಬಿ ಮೀನನ್ನು ದೂಷಿಸುವಾಗ ಅದನ್ನುಂಡು ಬೆಳೆದ ಮಕ್ಕಳನ್ನು ಮರೆಯುವುದು ನ್ಯಾಯವಲ್ಲ.

ಭಾಷೆಯೂ ಈ ಚರಿತ್ರೆಗೆ ಸಾಕ್ಷಿ ನುಡಿಯುತ್ತದೆ. ಬಾಳೆ, ಕೊರವ, ಹಾವುಮೀನು, ಇವು ಕನ್ನಡಿಗರು ತಮ್ಮ ಹೊಳೆಯ ಮೀನುಗಳಿಗೆ ತಾವೇ ಇಟ್ಟ ಹೆಸರುಗಳು. ತಿಲಾಪಿಯಾಕ್ಕೆ ಅಂಥ ಹೆಸರಿಲ್ಲ. ಆಫ್ರಿಕದ ಭಾಷೆಯೊಂದರ ಮಾತನ್ನು ಆಧರಿಸಿ ಶಾಸ್ತ್ರಜ್ಞರು ಲ್ಯಾಟಿನಿಗೆ ತಂದ ಪದ, ಬೆಸ್ತರ ಬಾಯಲ್ಲಿ ಧ್ವನಿಸಾಮ್ಯದಿಂದ ಮಿಠಾಯಿಯ ಹೆಸರಾಯಿತೆಂದು ಭಾವಿಸುವುದು ಸಹಜ. ತಮಿಳಿನಲ್ಲಿಯೂ ಇದು ಜಿಲೇಬಿಯೇ. ಶಾಸನವಿಲ್ಲದ ಕಡೆ ಇಂಥ ಒಂದು ಪದವೇ ಕಾಲನಿರ್ಣಯಕ್ಕೆ ಆಧಾರವಾಗಬಲ್ಲುದು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕಾಗಿದೆ. ನೀರೇ ಕಾರಣವೆಂದು ಸಾಧಿಸಿ ನಾವು ಮೀನನ್ನು ನಿರ್ದೋಷಿಯೆಂದು ಬಿಡುತ್ತಿದ್ದೇವೆಯೆ? ಹಾಗಲ್ಲ. ತಿಲಾಪಿಯಾ ಇತರ ಮೀನುಗಳ ಆಹಾರವನ್ನೂ ನೆಲೆಯನ್ನೂ ಕಸಿದುಕೊಳ್ಳುವುದು ಜಗತ್ತಿನ ಅನೇಕ ಕಡೆ ಸಿದ್ಧವಾಗಿದೆ; ಅತ್ಯಂತ ಹಾನಿಕರವಾದ ನೂರು ಪರಕೀಯ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದೂ ಸೇರಿದೆ. ಆದರೆ ಇದೇ ಮೀನು ಇದೇ ದಶಕದಲ್ಲಿ ಸಿಂಹಳದ ಪುರಾತನ ಕೆರೆಗಳಿಗೂ ಹೋಯಿತು. ಪರಾಕ್ರಮ ಸಮುದ್ರದಂಥ ಆ ಕೆರೆಗಳಲ್ಲಿ ನಿಂತ ನೀರಿಗೆ ಒಗ್ಗಿದ ದೊಡ್ಡಮೀನುಗಳು ಮೊದಲು ಇರಲಿಲ್ಲವಾಗಿ, ತಿಲಾಪಿಯಾ ಅಲ್ಲಿಯ ಒಳನಾಡಿನ ಮೀನುಗಾರಿಕೆಗೇ ಆಧಾರವಾಯಿತು. ಮೀನು ಒಂದೇ, ಫಲ ಬೇರೆ. ಆದುದರಿಂದ ಮೀನಿನ ಗುಣವೊಂದರಿಂದಲೇ ಚರಿತ್ರೆಯನ್ನು ವಿವರಿಸಲಾಗದು. ಅದು ಬಂದ ನೀರಿನ ಸ್ಥಿತಿಯನ್ನೂ ಗಣನೆಗೆ ತೆಗೆದುಕೊಳ್ಳಬೇಕು. ತುಂಗಭದ್ರಾ ಜಲಾಶಯದಲ್ಲಿ ಬಿತ್ತಿ ಬೆಳಸಿದ ಕಾಟ್ಲಾ, ರೋಹುಗಳೂ ಮೂಲತಃ ಉತ್ತರದ ನದಿಗಳಲ್ಲಿ ಪ್ರಸಿದ್ಧವಾದವು. ಅವನ್ನು ನಾವು ಪರಕೀಯವೆನ್ನುವುದಿಲ್ಲ. ಸ್ವಕೀಯ ಪರಕೀಯಗಳೆಂಬ ಭೇದವೂ ಸ್ವಲ್ಪಮಟ್ಟಿಗೆ ರೂಢಿಯಿಂದ ಬಂದುದೇ.

೬

೧೯೫೯ರ ನಿಷೇಧದ ಮುಂದಿನ ಕಥೆಯನ್ನೂ ಸಂಕ್ಷೇಪವಾಗಿ ಹೇಳಬೇಕು. ೧೯೮೮ರಲ್ಲಿ ಫಿಲಿಪೀನ್ಸ್ ದೇಶದಲ್ಲಿ ನೈಲ್ ತಿಲಾಪಿಯಾ ಎಂಬ ಸಂಬಂಧಿತ ಪ್ರಭೇದದ ತಳಿಯನ್ನು ಆಯ್ಕೆಯ ಕ್ರಮದಿಂದ ಸುಧಾರಿಸುವ ಕಾರ್ಯ ಆರಂಭವಾಯಿತು. ಈ ಮೀನಿನ ಗಂಡುಗಳನ್ನು ಮಾತ್ರ ಸಾಕಿದರೆ ಸಂಖ್ಯೆ ಮಿತಿಮೀರದೆ ಗಾತ್ರ ಬೆಳೆಯುತ್ತದೆ. ೨೦೦೯ರಲ್ಲಿ ಭಾರತ ಸರ್ಕಾರವು ಕಟ್ಟುನಿಟ್ಟಿನ ನಿಯಮಗಳಿಗೊಳಪಡಿಸಿ ಇದರ ಸಾಕಣೆಗೆ ಅನುಮತಿ ನೀಡಿತು. ತಂದುದು, ತಡೆದುದು, ಮತ್ತೆ ಒಪ್ಪಿದುದು: ಅರ್ಧ ಶತಮಾನಕ್ಕಿಂತ ಸ್ವಲ್ಪ ಹೆಚ್ಚಿನ ಅವಧಿಯಲ್ಲಿ ರಾಜ್ಯದ ನೀತಿ ಹೀಗೆ ಮೂರು ತಿರುವುಗಳನ್ನು ಕಂಡಿತು.

ಈ ನೈಲ್ ತಿಲಾಪಿಯಾವೇ ಮೊಸಾಂಬಿಕಸ್ ಪ್ರಭೇದಕ್ಕೆ ಅದರ ತವರಿನಲ್ಲಿ ಕಂಟಕವಾಗಿದೆ. ದಕ್ಷಿಣ ಆಫ್ರಿಕದ ಲಿಂಪೋಪೋ ಮುಂತಾದ ನದಿಗಳಿಗೆ ಸೇರಿದ ನೈಲ್ ತಿಲಾಪಿಯಾವು ಅಲ್ಲಿಯ ಮೂಲ ಮೀನಿನೊಡನೆ ಬೆರೆತು ಸಂಕರ ಸಂತಾನವನ್ನು ಹುಟ್ಟಿಸುತ್ತಿದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಮೊಸಾಂಬಿಕಸ್ ಪ್ರಭೇದವನ್ನು ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಯಲ್ಲಿ ಸೇರಿಸಿದೆ. ಪರದೇಶಗಳ ನೀರನ್ನೆಲ್ಲ ತುಂಬಿದ ಮೀನು ತನ್ನ ಊರಿನಲ್ಲಿ ಅಳಿವಿನ ಭಯದಲ್ಲಿದೆ. ಎರಡೂ ಕಡೆ ಕಾರಣ ಒಂದೇ: ನೀರಿನ ಗಡಿಗಳನ್ನು ಮನುಷ್ಯನು ಅಳಿಸಿದುದು.

೭

ಇಷ್ಟರಿಂದ ನಾವು ತಲಪುವ ನಿರ್ಣಯಗಳು ಇವು. ಒಂದು, ಎಡೆದೊರೆ ನಾಡಿನಲ್ಲಿ ತಿಲಾಪಿಯಾ ನೆಲೆಸಿದುದು ಬಿಡಿಯಾದ ಘಟನೆಯಲ್ಲ. ನದಿಯ ಪಂಚಾಂಗವನ್ನು ಕಾಲುವೆಯ ಪಂಚಾಂಗವಾಗಿ ಮಾರ್ಪಡಿಸಿದ ಮಹಾಪರಿವರ್ತನೆಯ ಅಂಗ. ಎರಡು, ಈ ಪರಿವರ್ತನೆಯಿಂದ ಹೊಟ್ಟೆ ತುಂಬಿದವರೂ ಇದ್ದಾರೆ, ನಷ್ಟಪಟ್ಟವರೂ ಇದ್ದಾರೆ. ನಷ್ಟಪಟ್ಟವರಲ್ಲಿ ಕಾಲುವೆಯ ಕೊನೆಯ ರೈತನ ಜೊತೆಗೆ ಪ್ರವಾಹಕ್ಕಾಗಿ ಕಾಯುವ ನದಿಯ ಮೀನನ್ನೂ ಎಣಿಸಬೇಕು. ಮೂರು, ಕಾಲುವೆಯ ನೀರಿನಿಂದ ತಿಲಾಪಿಯಾವನ್ನು ಹೊರಹಾಕುವುದು ಇನ್ನು ಸಾಧ್ಯವಾದ ಕೆಲಸವಲ್ಲ. ಸಾಧ್ಯವಾದುದು ಬೇರೆ: ಕಾಲುವೆ ಮುಟ್ಟದ ಹಳ್ಳಕೊಳ್ಳಗಳಿಗೆ ಅದು ಹೋಗದಂತೆ ನೋಡಿಕೊಳ್ಳುವುದು, ನದಿಯ ಮಡುಗಳಲ್ಲಿ ಉಳಿದ ಮೂಲ ಮೀನುಗಳನ್ನು ಗುರುತಿಸಿ ಕಾಪಾಡುವುದು.

ಚರಿತ್ರೆಯ ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ತುಂಗಭದ್ರೆಯ ದಂಡೆಯ ವೃದ್ಧ ಬೆಸ್ತರು ಬಲ್ಲ ಮೀನಿನ ಹೆಸರುಗಳು, ಅವು ದೊರೆಯುತ್ತಿದ್ದ ಮಡುಗಳ ಹೆಸರುಗಳು, ಹಿಡಿಯುವ ತಿಥಿ ನಕ್ಷತ್ರಗಳು, ಇವನ್ನು ಅವರ ಬಾಯಿಂದಲೇ ಕೇಳಿ ಬರೆದಿಡಬೇಕು. ಮಸ್ಕಿಯ ಬಂಡೆಯ ಬರಹ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಮಿಕ್ಕು ಉಳಿದು ಬಂದಿತು. ಬೆಸ್ತರ ನೆನಪಿಗೆ ಅಂಥ ಬಂಡೆಯಿಲ್ಲ; ಒಂದು ತಲೆಮಾರು ಕಳೆದರೆ ಮೀನಿನೊಡನೆ ಅದರ ಹೆಸರೂ ಹೋಗುತ್ತದೆ. ಆ ಸಂಗ್ರಹಕಾರ್ಯಕ್ಕೆ ಈ ಸೀಮೆಯ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಮುಂದಾಗುವರೆಂದು ನಾವು ಹಾರೈಸುತ್ತೇವೆ.